ಐರಿನ್ ಬಾಯಿಗೆ ಸನ್ಮಾನ

ಸಬ್ಬಸಿಗೆ ಸೊಪ್ಪಿನ ವಾಸನೆ ಬಂದರೆ ಈಗೀಗ ನನಗೆ ಸಿಟ್ಟು ಬರುತ್ತದೆ. ಸೊಪ್ಪಿನ ತಪ್ಪೇನೂ ಇಲ್ಲ. ಮೊನ್ನೆ ಹಮ್ದಾನ್ ಸ್ಟ್ರೀಟಿನ ಸೂಪರ್ ಮಾರ್ಕೆಟಿನಲ್ಲಿ ಕೊತ್ತಂಬರಿ ಇರಬೇಕೆಂದು ಒಂದು ಕಟ್ಟನ್ನು ಮೂಗಿನ ಹತ್ತಿರ ಹಿಡಿದೆ. ಸಬ್ಬಸಿಗೆ. ಅದನ್ನು ತಿರುಗಿ ಇಟ್ಟ ರಭಸಕ್ಕೆ ಪಕ್ಕದ ಪುದೀನ, ಪಾಲಕ್ ಎಲ್ಲ ಚೆಲ್ಲಾಪಿಲ್ಲಿಯಾದವು. ಜೊತೆಗಿದ್ದ ಮಗಳು, "ಅಮ್ಮಾ, ಇಟ್ಸ್ ಜಸ್ಟ್ ಎ ಲೀಫ್" ಎಂದಳು. ಅವಳಿಗೇನು ಗೊತ್ತು. ಕಳೆದ ಬೇಸಿಗೆಯಲ್ಲಿ ರಷ್ಯದ ನದಿಗಳ ಮೇಲೆ ಹಡಗಿನಲ್ಲಿ ಹೋಗುವಾಗ ಸೂಪಿಗೆ ಸಬ್ಬಸಿಗೆ, ಆಲೂಗಡ್ಡೆಗೆ ಸಬ್ಬಸಿಗೆ, ಮೀನಿಗೆ ಸಬ್ಬಸಿಗೆ. ಆ ವಾಸನೆ ಮೂಗಿಗೆ ಬಿದ್ದರೆ ಸಾಕು, ಹಡಗು ಇಡಿಯಾಗಿ ಕಣ್ಣೆದುರು ಬಂದು ನಿಲ್ಲುತ್ತದೆ. ಹಡಗಿನೊಳಗೆ ಮೈಕ್ ಹಿಡಿದ ಸುಧಾಕರಣ್ಣ.

ಸುಧಾಕರಣ್ಣ ಅಬುಧಾಬಿಯ ನಮ್ಮ ಕನ್ನಡ ಸಂಘದ ಅಧ್ಯಕ್ಷರು. ಮುಸಫ್ಫಾದಲ್ಲಿ ಸ್ವಂತ ವರ್ಕ್‌ಶಾಪ್ ಇಟ್ಟುಕೊಂಡವರು, ಕೊಡುಗೈಯವರು, ಯಾರಿಗೆ ವೀಸಾದ ತೊಂದರೆಯಾದರೂ ಮೊದಲು ಓಡುವವರು. ಇಷ್ಟನ್ನು ನ್ಯಾಯವಾಗಿ ಹೇಳಿಬಿಡುತ್ತೇನೆ. ಮುಂದೆ ಹೇಳುವುದರಲ್ಲಿ ನ್ಯಾಯ ಎಷ್ಟಿರುತ್ತದೋ ನನಗೆ ಭರವಸೆಯಿಲ್ಲ. ನನ್ನ ಗಂಡನ ಪ್ರಕಾರ ಈ ಊರಿನಲ್ಲಿ ಎಲ್ಲದಕ್ಕೂ ಎಸಿ ಉಂಟು, ನನ್ನ ತಲೆಗೊಂದು ಬಿಟ್ಟು.

ನಮ್ಮ ಸಂಘದ ಪದ್ಧತಿ ನಿಮಗೆ ಗೊತ್ತಿರಲೂಬಹುದು, ಕಡಲು ದಾಟಿ ಬಂದ ಎಲ್ಲ ಸಂಘಗಳದ್ದೂ ಅದೇ. ಏನೇ ಮಾಡಿದರೂ ಒಂದು ಸಭಾ ಕಾರ್ಯಕ್ರಮ ಆಗಬೇಕು. ಪ್ರಾರ್ಥನೆ, ದೀಪ, ಸ್ವಾಗತ, ಪ್ರಾಸ್ತಾವಿಕ, ಮುಖ್ಯ ಅತಿಥಿಗಳ ಮಾತು, ಸನ್ಮಾನ, ಧನ್ಯವಾದ. ಒಮ್ಮೆ ಮರಳುಗಾಡಿಗೆ ಬಾರ್ಬೆಕ್ಯೂ ಮಾಡಲು ಹೋದವರು ಜೀಪಿನ ಬಾನೆಟ್ಟಿಗೆ ಬ್ಯಾನರ್ ಕಟ್ಟಿ, ಆ ಸೆಕೆಯಲ್ಲಿ ಮೂವರಿಗೆ ಶಾಲು ಹೊದಿಸಿದ್ದೇವೆ. ಕೋಳಿ ಅಷ್ಟು ಹೊತ್ತಿಗೆ ಕರಕಲಾಗಿತ್ತು. ಆಗೆಲ್ಲ ನಾನೂ ಚಪ್ಪಾಳೆ ತಟ್ಟಿದವಳೇ. ಶಾಲಿನಿಂದ ಯಾರಿಗೂ ಕೇಡಾಗದು ಎಂದು ನಂಬಿದ್ದೆ.

ಇನ್ನು ಐರಿನ್ ಬಾಯಿ. ನಾನು ಮದುವೆಗೆ ಮೊದಲು ಈ ದೇಶಕ್ಕೆ ಬಂದಾಗ ಬನಿಯಾಸಿನ ಒಂದು ಫ್ಲ್ಯಾಟಿನಲ್ಲಿ ಒಂದೇ ಕೋಣೆಯಲ್ಲಿ ಇಬ್ಬರ ಮಂಚ. ನನ್ನದು ತುಳು, ಅವರದ್ದು ಕೊಂಕಣಿ, ಜಗಳ ಮತ್ತು ಅಡುಗೆ ಕನ್ನಡದಲ್ಲಿ. ಅವರು ಆಸ್ಪತ್ರೆಯಲ್ಲಿ ನರ್ಸು. ಮದುವೆಯಾಗಲಿಲ್ಲ. ತಮ್ಮಂದಿರು ತಂಗಿಯರು ಎಂದು ದುಡಿದು ದುಡಿದು, ರಜೆ ಸಿಕ್ಕಿದರೆ ಊರು, ಊರಿನಿಂದ ಮತ್ತೆ ಇಲ್ಲಿಗೆ. ನಿವೃತ್ತಿಯಾಗಿ ವೀಸಾ ರದ್ದಾಗುವ ವರ್ಷದವರೆಗೂ ಅವರು ನೋಡಿದ ಮೂರನೆಯ ದೇಶ ಅಂತ ಒಂದಿರಲಿಲ್ಲ.

ಆದರೆ ಮನಸ್ಸಿನಲ್ಲಿ ಒಂದು ಜಾಗವಿತ್ತು. ನಮ್ಮ ಕಾಲದಲ್ಲಿ ಕರಾವಳಿಯ ಶಾಲೆಗಳ ಮಕ್ಕಳು ಪುಸ್ತಕಗಳಿಗೆ ಬೈಂಡ್ ಹಾಕುತ್ತಿದ್ದದ್ದು ರಷ್ಯದ ಬಣ್ಣದ ಪತ್ರಿಕೆಗಳಿಂದ. ನೆನಪುಂಟಲ್ಲ ನಿಮಗೆ? ನುಣುಪಾದ ದಪ್ಪ ಕಾಗದ, ಮಳೆಗಾಲಕ್ಕೂ ಜಗ್ಗದು. ಯಾರು ತರಿಸುತ್ತಿದ್ದರು, ಯಾರು ಓದುತ್ತಿದ್ದರು, ದೇವರಿಗೇ ಗೊತ್ತು. ನನ್ನ ಸಮಾಜ ಪುಸ್ತಕದ ಮೇಲೆ ಒಂದು ಟ್ರ್ಯಾಕ್ಟರು ಇತ್ತು. ಐರಿನ್ ಬಾಯಿಯ ಲೆಕ್ಕದ ಪುಸ್ತಕದ ಮೇಲೆ ನೀರಿನ ನಡುವಿನ ಒಂದು ಹಸಿರು ದ್ವೀಪ, ಅದರ ಮೇಲೆ ಪೂರ್ತಿ ಮರದಲ್ಲಿ ಕಟ್ಟಿದ ಇಗರ್ಜಿ, ಅಂದರೆ ಚರ್ಚು. ಒಂದರ ಮೇಲೊಂದು ಬೆಳ್ಳಿ ಬಣ್ಣದ ಗುಮ್ಮಟಗಳು.

"ನನಗೆ ಲೆಕ್ಕ ಬರ್ತಿರಲಿಲ್ಲ ಮಾರಾಯ್ತಿ," ಎನ್ನುತ್ತಿದ್ದರು. "ಟೀಚರ್ ಬೋರ್ಡಲ್ಲಿ ಬರೀತಾ ಇದ್ರೆ ನಾನು ಪುಸ್ತಕ ಮುಚ್ಚಿ ಗುಮ್ಮಟ ಎಣಿಸೋದು. ಪ್ರತಿ ಸರ್ತಿ ಬೇರೆ ಉತ್ತರ."

ಹಾಗಾಗಿ ಸುಧಾಕರಣ್ಣ ಸಂಘದ ವಾಟ್ಸಾಪಿನಲ್ಲಿ ಮಾಸ್ಕೋದಿಂದ ಸೇಂಟ್ ಪೀಟರ್ಸ್‌ಬರ್ಗಿನವರೆಗೆ ಹಡಗಿನ ಪ್ರವಾಸ ಎಂದು ಹಾಕಿ, ದಾರಿಯ ಊರುಗಳ ಚಿತ್ರಗಳನ್ನು ಕಳಿಸಿದ ದಿನ ಐರಿನ್ ಬಾಯಿ ನನ್ನ ಆಫೀಸಿಗೇ ಫೋನು ಮಾಡಿದರು. ಚಿತ್ರಗಳಲ್ಲಿ ಅವರ ಇಗರ್ಜಿ ಇತ್ತು. ಕಿಝಿ ಎಂದು ಹೆಸರು. ಲೆಕ್ಕದ ಪುಸ್ತಕದಲ್ಲಿ ಹೆಸರು ಇರಲಿಲ್ಲ, ಇದ್ದಿದ್ದರೂ ಬೈಂಡಿನ ಮಡಿಕೆಯೊಳಗೆ ಹೋಗಿರಬೇಕು. "ಇದಕ್ಕೊಂದು ಹೋಗಿ ಬಂದು ಊರಿಗೆ ಹೋಗ್ತೇನೆ. ಮತ್ತೆ ಎಂತ ಬೇಡ," ಎಂದರು. ಮೊಣಕಾಲು ಆಗಲೇ ಕೈಕೊಟ್ಟಿತ್ತು. ಇನ್ನೊಮ್ಮೆ ಎಂಬುದು ಇಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಪ್ರವಾಸ ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ. ಸುಡುವ ಅಬುಧಾಬಿಯಿಂದ ಹೋದವರಿಗೆ ಆ ತಣ್ಣನೆ ನೀರು, ಸಂಜೆಯಾದರೂ ಮುಗಿಯದ ಬೆಳಕು. ಉಗ್ಲಿಚ್ ಎಂಬ ಊರಿನಲ್ಲಿ ದಡದ ಮೇಲೆಯೇ ಕೆಂಪು ಇಗರ್ಜಿ, ನೀಲಿ ಗುಮ್ಮಟಕ್ಕೆ ಚಿನ್ನದ ಚುಕ್ಕಿ. ಯಾರೊಸ್ಲಾವ್ಲಿನಲ್ಲಿ ಗಂಟೆಗಳ ನಾದ. ಹಡಗು ನಿಂತಲ್ಲೆಲ್ಲ ಅಜ್ಜಿಯರು ಜಾಮಿನ ಬಾಟಲಿ, ಉಲ್ಲನ್ ಕಾಲುಚೀಲ ಹಿಡಿದು ಕೂತಿರುತ್ತಿದ್ದರು. ನಮ್ಮವರು ಅಲ್ಲೂ ತುಳುವಿನಲ್ಲಿಯೇ ಚೌಕಾಸಿ ಮಾಡಿದರು, ಅಜ್ಜಿಯರು ರಷ್ಯನ್ನಿನಲ್ಲಿ ಬೈದರು, ವ್ಯಾಪಾರ ಆಯಿತು. ಐರಿನ್ ಬಾಯಿ ಎಲ್ಲಿಯೂ ಹೆಚ್ಚು ನಡೆಯಲಿಲ್ಲ. ಕೇಳಿದರೆ, "ಕಾಲು ಉಳಿಸ್ತಾ ಇದ್ದೇನೆ" ಎನ್ನುತ್ತಿದ್ದರು. ಯಾವುದಕ್ಕೆ ಎಂದು ನಾನು ಕೇಳುವ ಅಗತ್ಯವಿರಲಿಲ್ಲ.

ಸಭಾ ಕಾರ್ಯಕ್ರಮ ಹಡಗು ಚಲಿಸುವ ಒಂದು ಸಂಜೆಗೆ ನಿಗದಿಯಾಗಿತ್ತು. ಐರಿನ್ ಬಾಯಿಗೆ ಬೀಳ್ಕೊಡುಗೆ ಸನ್ಮಾನ. ಶಾಲು, ಪೇಟ, ಗಂಧದ ಹಾರ ಎಲ್ಲ ಇಲ್ಲಿಂದಲೇ ಹೋಗಿತ್ತು. ಆದರೆ ಆ ಸಂಜೆ ಸಭಾಂಗಣದಲ್ಲಿ ಹಡಗಿನವರದ್ದೇ ಹಾಡು ಕುಣಿತ ಉಂಟೆಂದು ಗೊತ್ತಾಯಿತು. ಉಳಿದ ಪ್ರಯಾಣಿಕರು ದಡಕ್ಕೆ ಇಳಿದಾಗ ಮಾತ್ರ ಸಭಾಂಗಣ ಖಾಲಿ, ಆಗ ಬೇಕಾದರೆ ತೆಗೆದುಕೊಳ್ಳಿ ಎಂದರು. ಇನ್ನು ಉಳಿದದ್ದು ಎರಡೇ ಹಳ್ಳಿ. ಮೊದಲನೆಯದು ಕಿಝಿ. ಮರುದಿನದ್ದು ಮರದ ಗೊಂಬೆ, ಶಾಲು, ಪಿಂಗಾಣಿ ಮಾರುವ ಊರು. ಸಮಿತಿ ಕೂತು ಚರ್ಚಿಸಿತು. ಶಾಪಿಂಗ್ ಬಿಡಲು ಯಾರೂ ತಯಾರಿರಲಿಲ್ಲ.

ಸುದ್ದಿ ಕೇಳಿ ನಾನು ಡೆಕ್ಕಿನ ಮೇಲೆಯೇ ಸುಧಾಕರಣ್ಣನನ್ನು ಹಿಡಿದೆ. ಲೆಕ್ಕದ ಪುಸ್ತಕದಿಂದ ಹಿಡಿದು ಎಲ್ಲ ಹೇಳಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು.

"ಗೊತ್ತುಂಟು ಮೇಡಂ. ಅದಕ್ಕೇ ಅಲ್ಲಿ ಇಟ್ಟದ್ದು. ಕಿಟಕಿಯಿಂದ ಬ್ಯಾಕ್‌ಗ್ರೌಂಡಲ್ಲಿ ಇಗರ್ಜಿ ಬರ್ತದೆ. ಐರಿನ್ ಬಾಯಿಗೂ ಖುಷಿ."

"ಅವರಿಗೆ ಬ್ಯಾಕ್‌ಗ್ರೌಂಡ್ ಬೇಡ. ಇಗರ್ಜಿ ಬೇಕು. ಒಳಗೆ ಹೋಗಬೇಕು, ಮರ ಮುಟ್ಟಬೇಕು."

"ಹಡಗು ಅಲ್ಲಿ ಸುಮಾರು ಹೊತ್ತು ನಿಲ್ತದೆ. ಪ್ರೋಗ್ರಾಮ್ ಒಂದು ಗಂಟೆ, ಖಲಾಸ್. ಮತ್ತೆ ಎಲ್ಲರೂ ಒಟ್ಟಿಗೆ ಇಳಿಯುವ."

ನಮ್ಮ ಕಾರ್ಯಕ್ರಮ ಒಂದು ಗಂಟೆಯಲ್ಲಿ ಮುಗಿದದ್ದನ್ನು ನೀವು ನೋಡಿದ್ದೀರಾ? ಐರಿನ್ ಬಾಯಿಯನ್ನೇ ಕೇಳಿಕೊಂಡೆ, ನಾವಿಬ್ಬರು ಇಳಿದು ಹೋಗೋಣ, ಸಮಿತಿಯವರು ಶಾಲನ್ನು ಕುರ್ಚಿಗೆ ಹೊದಿಸಲಿ ಎಂದು. ಅವರು ಒಪ್ಪಲಿಲ್ಲ. "ನನಗೋಸ್ಕರ ಅಲ್ವಾ ಮಾಡೋದು. ಹೇಗೆ ಬಿಟ್ಟು ಹೋಗುವುದು?"

ಬೆಳಿಗ್ಗೆ ಎದ್ದಾಗ ಹಡಗು ಸರೋವರದಲ್ಲಿತ್ತು. ತುಸು ಹೊತ್ತಿನಲ್ಲಿ ದ್ವೀಪ ಕಂಡಿತು, ದ್ವೀಪದ ಮೇಲೆ ಅದು ಕಂಡಿತು. ಚಿತ್ರಕ್ಕಿಂತ ಬೂದು, ಚಿತ್ರಕ್ಕಿಂತ ದೊಡ್ಡದು. ಐರಿನ್ ಬಾಯಿ ರೇಷ್ಮೆ ಸೀರೆ ಉಟ್ಟು, ಕಾಲಿಗೆ ನಡೆಯುವ ಬೂಟು ಹಾಕಿ ನಿಂತಿದ್ದರು. ಒಂದು ಗಂಟೆ ಎಂಬುದನ್ನು ಪಾಪ ನಂಬಿದ್ದರು. ಉಳಿದ ಪ್ರಯಾಣಿಕರೆಲ್ಲ ಸಾಲಾಗಿ ಇಳಿದು ಹುಲ್ಲಿನ ನಡುವಿನ ದಾರಿಯಲ್ಲಿ ಇಗರ್ಜಿಯ ಕಡೆ ನಡೆದರು. ನಾವು ಸಭಾಂಗಣಕ್ಕೆ ನಡೆದೆವು.

ಮುಖ್ಯ ಅತಿಥಿಗಳು ದುಬೈಯ ಉದ್ಯಮಿ, ಪ್ರವಾಸಕ್ಕೆ ಸಹಾಯ ಮಾಡಿದವರು. ಅವರ ಉಪಾಹಾರ ಮುಗಿಯುವವರೆಗೆ ಕಾದೆವು. ಹಡಗಿನಲ್ಲಿ ಬೆಂಕಿ ಹಚ್ಚುವಂತಿಲ್ಲವಾದ್ದರಿಂದ ದೀಪ ಬ್ಯಾಟರಿಯದ್ದು. ಐದು ಜನ ಸೇರಿ ಅದರ ಸ್ವಿಚ್ ಒತ್ತಿದರು. ಸ್ವಾಗತ ಮಾಡಿದವರು ಸಂಘದ ಇತಿಹಾಸ ಹೇಳಿದರು. ಪ್ರಾಸ್ತಾವಿಕ ಮಾಡಿದವರು ಅದನ್ನೇ ಮತ್ತೆ ಹೇಳಿದರು. ದಾನಿಗಳನ್ನು ಒಬ್ಬೊಬ್ಬರನ್ನಾಗಿ ಕರೆದು ಗುಲಾಬಿ ಕೊಟ್ಟರು. ಸನ್ಮಾನ ಯಾವಾಗಲೂ ಕೊನೆಗೆ, ಮೊದಲೇ ಮಾಡಿದರೆ ಜನ ಎದ್ದು ಹೋಗುತ್ತಾರಲ್ಲ. ಐರಿನ್ ಬಾಯಿ ವೇದಿಕೆಯ ಬದಿಯ ಕುರ್ಚಿಯಲ್ಲಿ ಕೂತು, ಕತ್ತು ಓರೆ ಮಾಡಿ, ಕಿಟಕಿಯ ಆಚೆ ನೋಡುತ್ತಿದ್ದರು. ಅವರ ತುಟಿ ಅಲ್ಲಾಡುತ್ತಿತ್ತು. ಎಣಿಸುತ್ತಿದ್ದರು.

ಅಂತೂ ಅವರನ್ನು ನಡುವಿನ ಕುರ್ಚಿಗೆ ಕರೆದರು. ಪೇಟ ಇಟ್ಟರು. ಶಾಲು ಬಂತು. ಆಗ ವಿಡಿಯೋ ಮಾಡುತ್ತಿದ್ದವನು ಕೈಯೆತ್ತಿದ. ಹಿಂದಿನಿಂದ ಬೆಳಕು ಜಾಸ್ತಿ, ಮುಖ ಎಲ್ಲ ಕಪ್ಪಾಗಿ ಬರ್ತದೆ ಎಂದ. ಸುಧಾಕರಣ್ಣ, "ಯಲ್ಲಾ, ಬೇಗ ಪರದೆ ಹಾಕಿ" ಎಂದರು. ಇಬ್ಬರು ಹೋಗಿ ಎರಡೂ ಬದಿಯಿಂದ ಪರದೆ ಎಳೆದರು.

ನಾನು ಎದ್ದು ನಿಂತೆ. "ಅದನ್ನು ಮುಚ್ಚಬೇಡಿ" ಎಂದೆ. ಜೋರಾಗಿಯೇ ಹೇಳಿದೆ. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಸುಧಾಕರಣ್ಣ ಮೈಕಿನಲ್ಲಿಯೇ, "ಐದು ನಿಮಿಷ ಮೇಡಂ, ಐದೇ ನಿಮಿಷ" ಎಂದರು. ಯಾರೋ ನಕ್ಕರು. ನನ್ನ ಗಂಡ ನನ್ನ ಕೈ ಹಿಡಿದು ಕೂರಿಸಿದ. ಐರಿನ್ ಬಾಯಿ ನನ್ನ ಕಡೆ ನೋಡಿ, ಬೇಡ ಎಂಬಂತೆ ಸಣ್ಣಗೆ ಕಣ್ಣು ಮುಚ್ಚಿ ತೆರೆದರು. ಆಮೇಲೆ ಕ್ಯಾಮೆರಾದ ಕಡೆ ತಿರುಗಿ ನಕ್ಕರು. ಸನ್ಮಾನ ಪತ್ರ ಓದುವಾಗಲೂ ನಗು ಹಾಗೇ ಇತ್ತು. ಎರಡು ಮಾತು ಆಡಿ ಎಂದಾಗ, ಇಷ್ಟು ಪ್ರೀತಿಗೆ ನಾನು ಯೋಗ್ಯಳಲ್ಲ ಎಂದರು. ಮುಖ್ಯ ಅತಿಥಿಗಳು ಅವರ ಸರಳತೆಯನ್ನು ಹೊಗಳುತ್ತಿರುವಾಗ ಹಡಗಿನ ಹಾರನ್ ಆಯಿತು. ಕಾಲಡಿಯ ನೆಲ ನಡುಗಿತು. ಧನ್ಯವಾದ ಸಮರ್ಪಣೆ ಇನ್ನೂ ಬಾಕಿ ಇತ್ತು, ಅದನ್ನೂ ಬಿಡಲಿಲ್ಲ.

ನಾವಿಬ್ಬರು ಡೆಕ್ಕಿಗೆ ಹೋದಾಗ ದ್ವೀಪ ಹಿಂದೆ ಬಿದ್ದಿತ್ತು. ಐರಿನ್ ಬಾಯಿ ಪೇಟ ತೆಗೆದು ಕೈಯಲ್ಲಿ ಹಿಡಿದುಕೊಂಡರು, ಗಾಳಿಗೆ ಹಾರೀತು ಎಂದು. ಮಧ್ಯಾಹ್ನ ಊಟಕ್ಕೆ ಕೂತಾಗ ಎಲ್ಲರೂ ಬಂದು ಅವರ ಕೈ ಕುಲುಕಿದರು, ಅವರು ಎಲ್ಲರಿಗೂ ಥ್ಯಾಂಕ್ಸ್ ಹೇಳಿದರು. ನನಗೆ ಅವರ ಮೇಲೂ ಸಿಟ್ಟು ಬಂತು. ಇಷ್ಟೊಂದು ಒಳ್ಳೆಯತನ ಯಾರಿಗೆ ಬೇಕು? ಸೂಪಿನ ಬಟ್ಟಲು ಎತ್ತಿ ಒಗೆಯುವುದಲ್ಲವೇ, ಸಬ್ಬಸಿಗೆ ಸಮೇತ. ಆ ಸಿಟ್ಟಿನಲ್ಲಿಯೇ ಅವರನ್ನು ವಿಮಾನ ಹತ್ತಿಸಿದೆ. ಅವರು ಊರಿಗೆ ಹೋದ ಮೇಲೆ ಫೋನಿನಲ್ಲಿ ಊರಿನ ಮಳೆ, ಮೀನಿನ ಕ್ರಯ, ಮೊಣಕಾಲು ಎಲ್ಲ ಮಾತಾಡಿದ್ದೇವೆ. ಹಡಗಿನ ಸುದ್ದಿ ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಇವತ್ತು ಬೆಳಿಗ್ಗೆ ಫೋನು ಮಾಡಿದವರು ಅವರೇ. ಊರಿನ ಫಾದರ್ ಮನೆಗೆ ಬಂದಿದ್ದರಂತೆ. ಇಷ್ಟು ವರ್ಷ ಪರದೇಶದಲ್ಲಿ ರೋಗಿಗಳ ಸೇವೆ ಮಾಡಿದವರು ನೀವು, ಈ ಸಲದ ಹಬ್ಬಕ್ಕೆ ನಿಮಗೊಂದು ಸನ್ಮಾನ ಇಟ್ಟಿದ್ದೇವೆ ಎಂದರಂತೆ.

"ನೀವೆಂತ ಹೇಳಿದಿರಿ?" ಎಂದೆ.

"ಬೇಡ ಹೇಳಿದೆ. ಯಾಕೆ ಐರಿನ್ ಬಾಯಿ ಅಂತ ಕೇಳಿದ್ರು. ನನಗೆ ಒಂದು ಸರ್ತಿ ಆಗಿದೆ ಫಾದರ್, ಅದರದ್ದೇ ಸಿಟ್ಟು ಇನ್ನೂ ಇಳಿಲಿಲ್ಲ ಅಂದೆ. ಪಾಪ, ಚಾ ಅರ್ಧ ಬಿಟ್ಟು ಹೋದ್ರು."

"ನಿಮಗೆ ಸಿಟ್ಟು ಬಂದಿತ್ತಾ?"

"ಬಾರದೆ ಮತ್ತೆ? ನಾನೆಂತ ಕಲ್ಲಾ? ಅಷ್ಟು ಹತ್ತಿರ ಇತ್ತು. ಕಿಟಕಿಯಿಂದ ಎಣಿಸ್ತಾ ಇದ್ದೆ, ಈ ಸರ್ತಿ ಸರಿ ಬರ್ತಾ ಇತ್ತು. ಅಷ್ಟರಲ್ಲಿ ಆ ಜನ, ಸುಧಾಕರ, ಪರದೆ ಎಳೆಸಿ ಬಿಟ್ಟಿತು." ಅವರ ಉಸಿರು ಏರಿದ್ದು ನನಗೆ ಕೇಳಿಸುತ್ತಿತ್ತು. "ಇನ್ನು ನನ್ನನ್ನು ಯಾರು ಕರ್ಕೊಂಡು ಹೋಗ್ತಾರೆ ಅಲ್ಲಿಗೆ?"

"ಮತ್ತೆ ಯಾಕೆ ಬಾಯಿ ನಕ್ಕದ್ದು ಅಲ್ಲಿ?"

"ಫೋಟೋ ತೆಗೀತಾ ಇದ್ರಲ್ಲ," ಎಂದರು.

ಫೋನಿಟ್ಟೆ. ಇಷ್ಟು ದಿನ ನನ್ನ ಸಿಟ್ಟಿನಲ್ಲಿ ಅರ್ಧ ಪಾಲು ಆ ಹೆಂಗಸಿನ ಮೇಲಿತ್ತು. ಅದೆಲ್ಲ ಅವರಿಂದ ಕಳಚಿಕೊಂಡು ಬಂತು, ಆದರೆ ಕರಗಿ ಹೋಗಲಿಲ್ಲ. ಅದನ್ನೂ ಸುಧಾಕರಣ್ಣನ ಪಾಲಿಗೇ ಸೇರಿಸಿದ್ದೇನೆ.