ಮಾವ ದಾರಿಯಲ್ಲಿದ್ದಾನೆ

ಇವತ್ತು ಬೆಳಿಗ್ಗೆ ಒಂದು ಆಹ್ವಾನ ಪತ್ರಿಕೆಯನ್ನು ಎಲ್ಲಿಟ್ಟೆನೆಂದು ಹುಡುಕುತ್ತ ಬೀರುವಿನ ಬಾಗಿಲು ತೆಗೆದೆ. ಪತ್ರಿಕೆ ಸಿಗಲಿಲ್ಲ, ವಾಸನೆ ಸಿಕ್ಕಿತು. ಹೊಗೆಸೊಪ್ಪು ಬೇಯುವಾಗ ಬರುತ್ತದಲ್ಲ, ಅರ್ಧ ಸಿಹಿ, ಅರ್ಧ ಘಾಟು, ಆ ವಾಸನೆ. ನಮ್ಮ ಹುಣಸೂರಿನ ಕಡೆಯವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಬೇರೆ ಕಡೆಯವರಿಗೆ ವಿವರಿಸಿ ಪ್ರಯೋಜನವಿಲ್ಲ. ಬೀರುವಿನ ಕೆಳಗಿನ ಅರೆಯಲ್ಲಿ ನನ್ನ ಹೆಂಡತಿ ಉಳಿದ ಶಾಲುಗಳಿಂದ ದೂರ ಮಾಡಿ, ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದು ಇಟ್ಟಿರುವ ಒಂದು ಕೆಂಪು ಶಾಲಿನಿಂದ ಅದು ಬರುತ್ತಿತ್ತು. ಎಷ್ಟು ಒಗೆದರೂ ಹೋಗಿಲ್ಲ.

ಇಷ್ಟೊಂದು ಶಾಲು ಯಾಕೆ ಎಂದು ನೀವು ಕೇಳಬಹುದು. ನಾನು ಮಕ್ಕಳ ಸಾಹಿತಿ. ನಾನೇ ಹೀಗೆ ಹೇಳಿಕೊಳ್ಳುವುದಕ್ಕೆ ಸಂಕೋಚ, ಆದರೆ ಸುತ್ತಮುತ್ತಲ ತಾಲ್ಲೂಕುಗಳ ಆಹ್ವಾನ ಪತ್ರಿಕೆಗಳಲ್ಲಿ ಹಾಗೇ ಅಚ್ಚಾಗುತ್ತದೆ. ಪುಸ್ತಕ ಬಿಡುಗಡೆ, ಶಾಲಾ ವಾರ್ಷಿಕೋತ್ಸವ, ತಾಲ್ಲೂಕು ಸಮ್ಮೇಳನ, ಎಲ್ಲಿ ಕರೆದರೂ ಹೋಗುತ್ತೇನೆ. ಬರೆಯುವುದಕ್ಕಿಂತ ಹೋಗುವುದೇ ಜಾಸ್ತಿಯಾಗಿದೆ. ಒಮ್ಮೊಮ್ಮೆ ಬಸ್ಸಿನ ಕಿಟಕಿಯ ಪಕ್ಕ ಕೂತು, ನಾನು ಹೋಗುತ್ತಿರುವುದು ನನ್ನ ಪುಸ್ತಕದ ಬಿಡುಗಡೆಗೋ ಬೇರೆಯವರ ಪುಸ್ತಕದ ಬಿಡುಗಡೆಗೋ ಎಂದು ಯೋಚಿಸಿದ್ದುಂಟು.

ಈ ಸಭೆಗಳ ವಿಷಯ ನನಗೆ ಇವತ್ತಿಗೂ ಸರಿಯಾಗಿ ಅರ್ಥವಾಗಿಲ್ಲ. ನಾನು ಬರೆಯುವುದು ಮಕ್ಕಳಿಗೆ. ವೇದಿಕೆಯ ಮೇಲೆ ಕೂರುವವರು ದೊಡ್ಡವರು. ಮಕ್ಕಳು ಎದುರಿಗೆ ಬಿಸಿಲಲ್ಲಿ ಕೂತಿರುತ್ತಾರೆ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಗಾಳಿಗೆ ಆರಿದ ದೀಪವನ್ನು ಮತ್ತೆ ಬೆಳಗುವುದು, ಇವತ್ತಿನ ಮಕ್ಕಳೇ ನಾಳೆಯ ಪ್ರಜೆಗಳು ಎಂದು ಒಬ್ಬರಾದ ಮೇಲೊಬ್ಬರು ಹೇಳುವುದು, ಹಾರ, ಶಾಲು, ಹಣ್ಣಿನ ಬುಟ್ಟಿ. ಇಷ್ಟೆಲ್ಲ ಮುಗಿದು ನನ್ನ ಸರದಿ ಬರುವಾಗ ಪಕ್ಕದಲ್ಲಿದ್ದವರು ಕಿವಿಗೆ ಬಾಗಿ, "ಊಟ ಆರೋಯ್ತದೆ ಸಾರ್, ಎರಡೇ ಮಾತಲ್ಲಿ ಮುಗಿಸ್ಬುಡಿ" ಎನ್ನುತ್ತಾರೆ. ಕೆ.ಆರ್. ನಗರದ ಕಡೆ ಒಂದು ಊರಿನಲ್ಲಿ ಸಭೆ ಮುಗಿದ ಮೇಲೆ ಮುದುಕಮ್ಮನೊಬ್ಬರು ಮೊಮ್ಮಗನನ್ನು ಎಳೆದುಕೊಂಡು ಬಂದು ನನ್ನ ಮುಂದೆ ನಿಲ್ಲಿಸಿದರು. "ಮುದ್ದೆ ಮುಟ್ಟಕಿಲ್ಲ ಕಣಪ್ಪ ಇವ. ಮಕ್ಕಳ ಇಸ್ಯ ನಿಮ್ಗೆಲ್ಲ ಗೊತ್ತಂತಲ್ಲ, ಏನಾರ ಬರ್ಕೊಡಿ" ಎಂದರು. ನಾನು ಏನು ಬರೆದುಕೊಡಲಿ? ಹೆಸರು ಬರೆದು ಒಂದು ಪುಸ್ತಕ ಕೊಟ್ಟೆ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಊಟಕ್ಕೆ ಮುಂಚೆಯೋ ಆಮೇಲೋ ಎಂದು ಕೇಳಿದರು.

ಇನ್ನೊಂದು ಗೊಂದಲ ನನ್ನ ಹುಟ್ಟುಗುಣ. ನನಗೆ ದಾರಿ ತಪ್ಪುತ್ತದೆ. ಹುಣಸೂರಿನಿಂದ ಕೆ.ಆರ್. ನಗರಕ್ಕೆ ಹೋಗಬೇಕಾದವನು ಬಿಳಿಕೆರೆಯಲ್ಲಿ ಇಳಿದು ಬಸ್ಸು ಬದಲಾಯಿಸಬೇಕು, ಅಷ್ಟೇ. ನಾನು ಏನೋ ಯೋಚಿಸುತ್ತ ಕೂತು ಮೈಸೂರು ತಲುಪಿದ್ದೇನೆ. ಹಾಗೆ ತಡವಾದಾಗಲೆಲ್ಲ ಫೋನ್ ಮಾಡುವವಳು ನನ್ನ ತಂಗಿಯ ಮಗಳು ಚಿನ್ನು. ತಂಗಿಯ ಮನೆ ಗುರುಪುರದಲ್ಲಿ, ನಮ್ಮ ಮನೆಯಿಂದ ದೂರವೇನಲ್ಲ. ಚಿನ್ನು ನಾಲ್ಕನೇ ಕ್ಲಾಸು. ನನ್ನ ಪುಸ್ತಕಗಳನ್ನೆಲ್ಲ ಗಟ್ಟಿಯಾಗಿ ಓದುತ್ತಾಳಂತೆ, ದನಕ್ಕೆ ಹುಲ್ಲು ಹಾಕುವವರಿಗೂ ಕೇಳಿಸುವ ಹಾಗೆ. "ಎಲ್ಲಿದ್ದೀಯ ಮಾವ? ನಮ್ಮನೆಗೆ ಯಾವಾಗ ಬತ್ತೀಯ?" ಎಂದು ಕೇಳುತ್ತಾಳೆ. ಈ ಭಾನುವಾರ ಒಂದು ಕಾರ್ಯಕ್ರಮ ಇದೆಯವ್ವ, ಮುಂದಿನ ಭಾನುವಾರ ನೋಡೋಣ ಎನ್ನುತ್ತೇನೆ. ಮುಂದಿನ ಭಾನುವಾರ ಇನ್ನೊಂದು ಕಾರ್ಯಕ್ರಮ ಇರುತ್ತದೆ.

ನನಗೆ ಕತೆಯ ಹುಚ್ಚು ಹಿಡಿಸಿದವರು ನಮ್ಮ ದೊಡ್ಡವ್ವ, ಅಮ್ಮನ ಅಕ್ಕ. ಆದರೆ ಅವರ ಬಾಯಿಂದ ಕತೆ ಹೊರಡುತ್ತಿದ್ದುದು ದೀಪ ಹಚ್ಚಿದ ಮೇಲೆಯೇ. ಹಗಲಲ್ಲಿ ನಾವು ಸೆರಗು ಹಿಡಿದು ಪೀಡಿಸಿದರೆ, "ಅಗಲೊತ್ತು ಕತೆ ಯೋಳುದ್ರೆ ಮಾವ ದಾರಿ ತಪ್ತಾನೆ ಕಣ್ಲಾ" ಎಂದು ಕೊಡವಿಕೊಂಡು ಹೋಗುತ್ತಿದ್ದರು. ನಮ್ಮ ಕಡೆ ಹಿಂದಿನವರೆಲ್ಲ ಹೀಗೆ ನಂಬಿದ್ದರು. ಒಂದು ಸಲ ನಾನು ಜಾಣತನ ಮಾಡಿ, "ಮಾವ ಇಲ್ಲೇ ಜಗಲಿ ಮೇಲೆ ಮಲಗವ್ನಲ್ಲ ದೊಡ್ಡವ್ವ" ಎಂದೆ. ಅವರು ರಾಗಿ ಕೇರುವುದನ್ನು ನಿಲ್ಲಿಸಲಿಲ್ಲ. "ಇವ ಮಲಗಿದ್ರೆ ಏನಾಯ್ತು? ಯಾವ ಮಗೀಗೋ ಮಾವ ಆದೋನು ಯಾವನಾರ ಒಬ್ಬ ದಾರೀಲಿ ಇದ್ದೇ ಇರ್ತಾನೆ" ಎಂದರು. ಹಗಲು ಕೆಲಸ ಕೆಡದಿರಲಿ ಎಂದು ಕಟ್ಟಿದ ಉಪಾಯ ಇದು ಎಂದು ದೊಡ್ಡವನಾದ ಮೇಲೆ ತಿಳಿದುಕೊಂಡೆ. ತಿಳಿದುಕೊಂಡೆ ಎಂದು ಅಂದುಕೊಂಡಿದ್ದೆ.

ಈಗ ಶಾಲಿನ ವಿಷಯಕ್ಕೆ ಬರುತ್ತೇನೆ. ಪಿರಿಯಾಪಟ್ಟಣದ ಕಡೆಯ ಹಾರನಹಳ್ಳಿಯಲ್ಲಿ ನನ್ನ ಹೊಸ ಪುಸ್ತಕದ ಬಿಡುಗಡೆ ಇಟ್ಟುಕೊಂಡಿದ್ದರು. ಆನೆಗೆ ನೆಗಡಿಯಾಗಿ ಕಾಡೆಲ್ಲ ನಡುಗುವ ಕತೆ. ಊರಿನ ಯುವಕರ ಸಂಘದವರೆಲ್ಲ ಸೇರಿ ಮಾಡಿದ್ದು, ಮುಂದೆ ನಿಂತವರು ಶಿವಣ್ಣ, ಹೊಗೆಸೊಪ್ಪು ಬೆಳೆಯುವವರು. ಹೊಲದ ಮಗ್ಗುಲಲ್ಲೇ ಅವರ ಬ್ಯಾರನ್ನು, ಅಂದರೆ ಸೊಪ್ಪು ಬೇಯಿಸುವ ಎತ್ತರದ ಗೂಡು. ಅದಕ್ಕೆ ಬೆಂಕಿ ಹಾಕುವ ಕಾಲವಾದ್ದರಿಂದ ಕಣ್ಣಿಗೆ ನಿದ್ದೆಯಿಲ್ಲದೆ ಓಡಾಡುತ್ತಿದ್ದರು. ಶಾಲೆಯ ಅಂಗಳದಲ್ಲಿ ಶಾಮಿಯಾನ. ಶಾಲು ಹೊದಿಸಿದರು, ಪುಸ್ತಕದ ಸುತ್ತ ಕಟ್ಟಿದ್ದ ಟೇಪು ಬಿಚ್ಚಿದರು, ಚಪ್ಪಾಳೆಯಾಯಿತು. ಅಪರೂಪಕ್ಕೆ ಆ ದಿನ ಸಮಯ ಉಳಿದಿತ್ತು. "ಮಕ್ಳಿಗೆ ಒಂದ್ ಕತೆ ಯೋಳಿ ಸಾರ್" ಎಂದರು ಶಿವಣ್ಣ. ನನಗೆ ಆನಂದವಾಯಿತು. ಮೈಕು ಹಿಡಿದು, "ಒಂದು ಕಾಡಿನಲ್ಲಿ ಒಂದು ಆನೆ ಇತ್ತು. ಒಂದು ದಿನ ಅದಕ್ಕೆ ಸೀನು ಬಂತು" ಎಂದೆ.

ಮುಂದಿನ ಸಾಲಿನಲ್ಲಿ ಒಂದು ಹುಡುಗಿ ಎದ್ದು ನಿಂತಳು. "ಸಾರ್, ಕತೆ ಬ್ಯಾಡ ಸಾರ್" ಎಂದಳು.

ಸಿಂಚನ ಅಂತ ಹೆಸರು, ಒಂಬತ್ತು ವರ್ಷವಿರಬಹುದು. ಮೇಷ್ಟ್ರು ಕೂತ್ಕೋ ಎಂದರು, ಕೂರಲಿಲ್ಲ. ಯಾಕವ್ವ ಎಂದು ನಾನೇ ಕೇಳಿದೆ.

"ನಮ್ ಮಾವ ದಾರೀಲವ್ನೆ ಸಾರ್. ಮಾನಂದವಾಡಿಯಿಂದ ಬತ್ತಾವ್ನೆ."

ದೊಡ್ಡವರು ನಕ್ಕರು. ಹುಡುಗಿ ನಗಲಿಲ್ಲ. ಕೇಳುತ್ತ ಹೋದ ಹಾಗೆ ವಿಷಯ ಹೊರಬಂತು. ಮಾರನೆಯ ಬೆಳಿಗ್ಗೆ ಅವಳ ಪುಟ್ಟ ತಮ್ಮನಿಗೆ ಕಿವಿ ಚುಚ್ಚುವುದಿತ್ತು. ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು. ಆ ಮಾವ ಕೇರಳದ ಯಾವುದೋ ಎಸ್ಟೇಟಿನಲ್ಲಿ ಗಾಡಿ ಓಡಿಸುವವನು. ಸಿಂಚನಳ ಅಪ್ಪನ ಜೊತೆ ಮುನಿಸಿಕೊಂಡು, ಅವಳು ಹುಟ್ಟುವುದಕ್ಕೂ ಮುಂಚಿನಿಂದ ಈ ಕಡೆ ತಲೆ ಹಾಕಿರಲಿಲ್ಲ. ಈಗ ಬರುತ್ತೇನೆ ಎಂದಿದ್ದ. ಕಾಡಿನ ದಾರಿ, ಸಂಜೆಯಾಗುತ್ತಲೇ ಗಡಿಯ ಬಾವಲಿಯಲ್ಲಿ ಗೇಟು ಹಾಕಿಬಿಡುತ್ತಾರೆ. ಅಷ್ಟರೊಳಗೆ ದಾಟದಿದ್ದರೆ ಆ ರಾತ್ರಿ ಅವನು ಆಚೆಯೇ, ಮುಹೂರ್ತ ತಪ್ಪಿದ ಹಾಗೇ.

"ನಾನು ಮಾವನ್ನ ನೋಡೇ ಇಲ್ಲ ಸಾರ್. ಅವ್ವ ಬೆಳಗಿಂದ ಬಾಗ್ಲಲ್ಲೇ ನಿಂತವಳೆ" ಎಂದಳು.

ನಾನು ತಬ್ಬಿಬ್ಬಾದೆ. ಇಷ್ಟು ವರ್ಷದ ಸಭೆಗಳಲ್ಲಿ ಒಂದು ಮಗು ಎದ್ದು ನಿಂತು ನನ್ನ ಜೊತೆ ವಾದ ಮಾಡಿದ್ದು ಅದೇ ಮೊದಲು. ದೊಡ್ಡವ್ವನ ಕಾನೂನು ನನಗೂ ಗೊತ್ತಿತ್ತಲ್ಲ, ಅದರಲ್ಲೇ ಒಂದು ಸಂದು ಹುಡುಕಿದೆ. "ದೀಪ ಹಚ್ಚಿದ ಮೇಲೆ ಕತೆ ಹೇಳಬಹುದು ತಾನೇ? ಈಗಾಗಲೇ ಹಚ್ಚಿದ್ದೀವಲ್ಲವ್ವ" ಎಂದು ವೇದಿಕೆಯ ದೀಪದ ಕಂಬ ತೋರಿಸಿದೆ.

ಅವಳು ಕತ್ತು ಉದ್ದ ಮಾಡಿ ನೋಡಿದಳು. "ಅದು ಆರೋಗದೆ ಸಾರ್" ಎಂದಳು. ನಿಜವಾಗಿಯೂ ಆರಿತ್ತು. ಆಮೇಲೆ ನನ್ನ ಮುಖ ನೋಡಿ ಕನಿಕರ ಬಂತೋ ಏನೋ, "ನೀವು ಭಾಷಣ ಮಾಡಿ ಸಾರ್, ಭಾಷಣಕ್ಕೆ ಏನೂ ಆಗಕಿಲ್ಲ" ಎಂದು ಹೇಳಿ ಕೂತಳು.

ಭಾಷಣ ಮಾಡಿದೆ. ಇವತ್ತಿನ ಮಕ್ಕಳೇ ನಾಳೆಯ ಪ್ರಜೆಗಳು ಎಂದೆ. ಮಕ್ಕಳು ತೂಕಡಿಸಿದರು. ವೇದಿಕೆಯ ಮೇಲಿದ್ದವರು, ಇವತ್ತು ಬಾಳ ಚೆನ್ನಾಗಿ ಮಾತಾಡಿದ್ರಿ ಎಂದು ಕೈ ಕುಲುಕಿದರು.

ಸಭೆ ಮುಗಿಯುವಾಗ, ಸಂಜೆ ದೀಪ ಹಚ್ಚಿದ ಮೇಲೆ ಕತೆ ಹೇಳುತ್ತೇನೆ ಎಂದು ಮಕ್ಕಳಿಗೆ ಮಾತು ಕೊಟ್ಟಿದ್ದೆ. ಹಾಗಾಗಿ ಶಿವಣ್ಣನ ಮನೆಯಲ್ಲಿ ಉಳಿದೆ. ಸಂಜೆ ಅವರ ಬ್ಯಾರನ್ನಿನ ಮುಂದೆ ಒಂದಷ್ಟು ಮಕ್ಕಳು ಬಂದು ಕೂತರು, ಸಿಂಚನಳೂ ಬಂದಳು. ಮಾವ ಬಂದಿರಲಿಲ್ಲ. ಫೋನೂ ಹತ್ತುತ್ತಿರಲಿಲ್ಲ. ಕತ್ತಲಾಗಿತ್ತು, ಬಲ್ಬು ಉರಿಯುತ್ತಿತ್ತು, ಕಾನೂನಿನ ಪ್ರಕಾರ ಅಡ್ಡಿಯೇನೂ ಇರಲಿಲ್ಲ. "ಯೋಳಿ ಸಾರ್" ಎಂದು ಅವಳೇ ಅಂದಳು, ಆದರೆ ಕಣ್ಣು ರಸ್ತೆಯ ಕಡೆಗಿತ್ತು. ಓದಿದವನು, ಇಷ್ಟೊಂದು ಪುಸ್ತಕ ಬರೆದವನು, ನನಗೆ ಭಯವಾಗುತ್ತಿತ್ತು. ಅದು ಎಂಥ ಭಯ, ಯಾರ ಭಯ ಎಂದು ಕೇಳಿದರೆ ಇವತ್ತಿಗೂ ಹೇಳಲಾರೆ. ನಿಮ್ಮ ಮಾವ ಬರಲಿ, ಆಮೇಲೆ ಹೇಳೋಣ ಎಂದೆ. ಅಷ್ಟರಲ್ಲಿ ಉಣ್ಣುವುದಕ್ಕೆ ಕರೆದರು, ಮಕ್ಕಳೆಲ್ಲ ಎದ್ದು ಹೋದರು. ನಾನು ಶಿವಣ್ಣನಿಗೆ, ಕೊನೇ ಬಸ್ಸಿಗೆ ಬಿಟ್ಟುಬಿಡಿ ಎಂದೆ. ಓಡಿಹೋಗುವ ಮನಸ್ಸಾಗಿತ್ತು.

ಶಿವಣ್ಣ ಬೈಕಿನಲ್ಲಿ ಕರೆತಂದು ದೊಡ್ಡ ರಸ್ತೆಯಲ್ಲಿ ಇಳಿಸಿ, ಬೆಂಕಿ ನೋಡಬೇಕೆಂದು ಹಿಂದಿರುಗಿದರು. ಸ್ವಲ್ಪ ಹೊತ್ತಿಗೆ ಒಂದು ಪಿಕಪ್ ಗಾಡಿ ಬಂದು ನನ್ನ ಮುಂದೆ ನಿಂತಿತು. ಕೇರಳದ ನಂಬರು. ಒಳಗಿದ್ದವನು ತಲೆ ಹೊರಗೆ ಹಾಕಿ, "ಅಣ್ಣಾ, ಹಾರನಹಳ್ಳಿಗೆ ಎಲ್ಲಿ ತಿರುಗಬೇಕು? ಇಲ್ಲೊಂದು ಆಲದ ಮರ ಇತ್ತಲ್ಲಾ" ಎಂದು ಕೇಳಿದ. ಅವನ ಮಾತಿನಲ್ಲಿ ಮಲಯಾಳದ ಎಳೆತ ಸೇರಿಕೊಂಡಿತ್ತು. ರಸ್ತೆ ಅಗಲ ಮಾಡುವಾಗ ಮರ ಕಡಿದಿದ್ದರು.

ನೋಡಿ, ಬಿಳಿಕೆರೆಯಲ್ಲಿ ಇಳಿಯಲು ಬಾರದ ನನ್ನನ್ನು ಅವನು ದಾರಿ ಕೇಳುತ್ತಿದ್ದ. ಕೈ ಎತ್ತಿ ಒಂದು ಕಡೆ ತೋರಿಸಿದೆ. ತೋರಿಸಿದ ಕೂಡಲೇ ಅದು ಆ ಕಡೆಯೋ ಈ ಕಡೆಯೋ ಎಂದು ಅನುಮಾನ ಬಂತು. ಆ ಹುಡುಗಿಯ ಮುಖ ಕಣ್ಣ ಮುಂದೆ ನಿಂತಿತು. "ತಡಿಯಪ್ಪ, ನಾನೂ ಬರ್ತೀನಿ" ಎಂದು ಬಾಗಿಲು ತೆಗೆದು ಹತ್ತಿ ಕೂತೆ. ನಮ್ಮ ಹಿಂದೆಯೇ ಹುಣಸೂರಿನ ಕೊನೇ ಬಸ್ಸು ಹಾದುಹೋಯಿತು.

ಶಿವಣ್ಣನ ಬ್ಯಾರನ್ನಿನ ವಾಸನೆ ಹಿಡಿದು ಹೋದರಾಯಿತು ಎಂಬುದು ನನ್ನ ಲೆಕ್ಕ. ಆದರೆ ಆ ಸೀಮೆಯಲ್ಲಿ ಎತ್ತ ಮೂಗು ತಿರುಗಿಸಿದರೂ ಬ್ಯಾರನ್ನು. ಯಾರದೋ ಹೊಲಕ್ಕೆ ಗಾಡಿ ನುಗ್ಗಿಸಿ, ಬೈಸಿಕೊಂಡು, ಬೈದವರನ್ನೇ ದಾರಿ ಕೇಳಿ ಅಂತೂ ತಲುಪಿದೆವು. ಗಾಡಿ ನಿಂತಾಗ ಸಿಂಚನಳ ಅವ್ವ ಬಾಗಿಲಲ್ಲೇ ಇದ್ದಳು. ತಮ್ಮನನ್ನು ಕಂಡು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಅವಳ ಗಂಡನೇ ಬಂದು, "ಬಾರಪ್ಪ, ಕಾಲ್ ತೊಳ್ಕೊ" ಎಂದ. ಆ ಮನೆಯ ಮುನಿಸು ಅಲ್ಲಿಗೆ ಮುಗಿಯಿತು ಎಂದು ಕಾಣುತ್ತದೆ.

ಸಿಂಚನ ಮಾತ್ರ ಮಾವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದಳು: "ದಾರಿ ತಪ್ತಾ ಮಾವ?"

"ಊಂ ಕಣವ್ವ, ಎರಡ್ ಸಲ. ಎಚ್.ಡಿ. ಕೋಟೆ ಹತ್ರ ಸರಗೂರು ಕಡೆ ತಿರುಗ್ಬುಟ್ಟೆ. ಆಮೇಲೆ ಇಲ್ಲಿ."

ಅವಳು ನಿಧಾನವಾಗಿ ನನ್ನ ಕಡೆ ತಿರುಗಿದಳು. "ನೀವು ಎರಡೇ ಮಾತು ಯೋಳಿದ್ರಿ, ಅಲ್ವಾ ಸಾರ್?" ಎಂದಳು.

ಒಂದು ಕಾಡಿನಲ್ಲಿ ಒಂದು ಆನೆ ಇತ್ತು. ಒಂದು ದಿನ ಅದಕ್ಕೆ ಸೀನು ಬಂತು. ಎರಡೇ. ಇದೆಲ್ಲ ಕಾಕತಾಳೀಯ ಎಂದು ನೀವು ಹೇಳುತ್ತೀರಿ, ನಾನೂ ಹಾಗೇ ಹೇಳುತ್ತೇನೆ. ಆದರೆ ಕತೆ ಪೂರ್ತಿ ಹೇಳಿ ಮುಗಿಸಿದ್ದರೆ ಅವನು ಯಾವ ಊರು ಸೇರುತ್ತಿದ್ದನೋ ಎಂಬ ಯೋಚನೆ ಇವತ್ತಿಗೂ ಬಿಟ್ಟಿಲ್ಲ.

ಆ ರಾತ್ರಿ ಶಿವಣ್ಣನ ಬ್ಯಾರನ್ನಿನ ಜಗಲಿಯ ಮೇಲೆ ಅವರು ಹೊದಿಸಿದ್ದ ಶಾಲನ್ನೇ ಹೊದ್ದು ಮಲಗಿದೆ. ವಾಸನೆ ಹತ್ತಿದ್ದು ಹಾಗೆ. ಬೆಳಿಗ್ಗೆ ಕಿವಿ ಚುಚ್ಚುವಾಗ ನಾನೂ ಇದ್ದೆ. ಮಗು ಮಾವನ ತೊಡೆಯ ಮೇಲೆ ಕೂತು ಊರು ಒಂದಾಗುವ ಹಾಗೆ ಅತ್ತಿತು, ಮಾವನ ಕಣ್ಣಲ್ಲೂ ನೀರಿತ್ತು. ಹೊರಡುವಾಗ ಸಿಂಚನ ಗಾಡಿಯ ತನಕ ಬಂದಳು. ಬಸ್ಸು ತಪ್ಪುವುದು, ದಾರಿ ತಪ್ಪುವುದು, ನನ್ನ ಕಷ್ಟವೆಲ್ಲ ರಾತ್ರಿ ಊಟದ ಹೊತ್ತಿಗೆ ಅವಳ ಕಿವಿಗೆ ಬಿದ್ದಿತ್ತು.

"ನೀವೂ ಯಾರಿಗಾರ ಮಾವನಾ ಸಾರ್?"

"ಹೌದು ಕಣವ್ವ, ಗುರುಪುರದಲ್ಲಿ ನನ್ನ ತಂಗಿಯ ಮಗಳಿದ್ದಾಳೆ."

"ಆ ಹುಡ್ಗಿ ಅಗಲೊತ್ತು ನಿಮ್ ಕತೆ ಓದ್ತಾಳಾ?"

ಓದುತ್ತಾಳೆ, ಗಟ್ಟಿಯಾಗಿ ಎಂದೆ.

"ಅದ್ಕೇ ಮತ್ತೆ" ಎಂದಳು. ವೈದ್ಯರು ರೋಗ ಗುರುತಿಸಿದ ಮೇಲೆ ಹೇಳುವ ಹಾಗೆ ಹೇಳಿ ಒಳಗೆ ಹೋದಳು.

ನಾನು ನಕ್ಕು ಬಿಟ್ಟಿದ್ದೆ. ಮನೆಗೆ ಬಂದು, ಮುಂದಿನ ಭಾನುವಾರದ ಕಾರ್ಯಕ್ರಮಕ್ಕೆ ಹೋಗಿ, ಅದರ ಮುಂದಿನದಕ್ಕೂ ಹೋಗಿ ಅವಳ ಆ ಮಾತನ್ನು ಮರೆತಿದ್ದೆ. ಇವತ್ತು ಬೀರುವಿನ ಮುಂದೆ ಆ ಶಾಲನ್ನು ಮೂಗಿಗೆ ಹಿಡಿದು ಕೂತಾಗ ದೊಡ್ಡವ್ವನ ಮಾತು ಮತ್ತೆ ಬಂತು. ಯಾವ ಮಗುವಿಗೋ ಮಾವನಾದವನು ಯಾವನಾದರೂ ಒಬ್ಬ ದಾರಿಯಲ್ಲಿ ಇದ್ದೇ ಇರುತ್ತಾನೆ. ಬಾಗಿಲಲ್ಲಿ ನಿಂತವರನ್ನು ಹಾಗೆ ಕಾಯಿಸುವ ಮಾವ ಯಾರೋ ಬೇರೆಯವನು ಎಂದೇ ನಾನು ಇಷ್ಟು ದಿನ ತಿಳಿದಿದ್ದೆನಲ್ಲ. ನಾನು ದಾರಿಯಲ್ಲಿದ್ದು ಎಷ್ಟು ವರ್ಷವಾಯಿತು? ಹೋಗಬೇಕಾದ ಊರನ್ನು ಬಿಟ್ಟು ಉಳಿದ ಎಲ್ಲ ಊರಿಗೂ ಹೋಗಿದ್ದೇನೆ.

ಪತ್ರಿಕೆ ಆಮೇಲೆ ಸಿಕ್ಕಿತು, ಬೀರುವಿನಲ್ಲಲ್ಲ, ನನ್ನ ಜೇಬಿನಲ್ಲೇ ಇತ್ತು. ಕೆ.ಆರ್. ನಗರದಲ್ಲಿ ಇವತ್ತೇ ಹತ್ತೂವರೆಗೆ ಸಭೆ. ಅವರಿಗೆ ಫೋನ್ ಮಾಡಿ ಬರುವುದಕ್ಕಾಗುವುದಿಲ್ಲ ಎಂದೆ. ಯಾಕೆ ಸಾರ್, ಹುಷಾರಿಲ್ವಾ ಎಂದರು. ಊರಿಗೆ ಹೋಗಬೇಕು ಎಂದೆ. ಹೆಂಡತಿ ಶಾಲು ಯಾಕೆ ತೆಗೆದಿರಿ ಎಂದು ಕೇಳುತ್ತಿದ್ದಂತೆ ಅದನ್ನು ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಬಂದೆ. ಗುರುಪುರದ ಬೋರ್ಡನ್ನು ಎರಡು ಸಲ ಓದಿ, ಕಂಡಕ್ಟರನ್ನು ಒಂದು ಸಲ ಕೇಳಿ ಹತ್ತಿದೆ. ಆದರೂ ಅನುಮಾನ ಹೋಗಲಿಲ್ಲ. ಚಿನ್ನುವಿಗೆ ಫೋನ್ ಮಾಡಿದೆ.

"ಏನ್ ಮಾಡ್ತಿದ್ದೀಯವ್ವ?"

"ನಿನ್ ಆನೆ ಕತೆ ಓದ್ತಾ ಇವ್ನಿ ಮಾವ, ಸೀನ್ತದಲ್ಲ, ಅದು."

"ಪುಸ್ತಕ ಮುಚ್ಚಿಡವ್ವ" ಎಂದೆ. "ಮಾವ ದಾರಿಯಲ್ಲಿದ್ದಾನೆ."