ಫೋರ್‌ಮನ್‌ಗೆ ಇಪ್ಪತ್ತೆಂಟು ಡಿಗ್ರಿ

ನಮ್ಮ ಮನೆಯ ಫೋರ್‌ಮನ್ ಕಳೆದ ವಾರ ತೀರಿಕೊಂಡ. (ಗಾಬರಿಯಾಗಬೇಡಿ, ಅವನೊಂದು ಹಕ್ಕಿ. ಕೆನ್ನೆಗೆ ಕಿತ್ತಳೆ ಬೊಟ್ಟು, ತಲೆಗೆ ಜುಟ್ಟು ಇರುವ ಕಾಕಟೀಲ್.) ಒಂದು ಹಕ್ಕಿಗಾಗಿ ಅಂಕಣವೇ ಎಂದಿರಾ? ಸ್ವಲ್ಪ ಕೇಳಿ.

ಆ ಹೆಸರಿಟ್ಟವರು ನನ್ನ ಗಂಡ. ದೋಣಿಮಲೈ ಗಣಿಯಲ್ಲಿ ಕೆಲಸ. ಶಿಫ್ಟ್ ಮುಗಿಸಿ ಕಂಪನಿ ಬಸ್ ಇಳಿದರೆ ಕ್ವಾರ್ಟರ್ಸ್ ಗೇಟಿನಿಂದಲೇ ಒಂದು ಶಿಳ್ಳೆ. ಎರಡು ಗಿಡ್ಡ, ಒಂದು ಉದ್ದ. ಚಹಾಕ್ಕೆ ಇಡು ಎಂದರ್ಥ. ಹಕ್ಕಿ ಅದನ್ನು ಕಲಿತುಬಿಟ್ಟಿತು. ಅದೆಷ್ಟು ಸಲ ಮೋಸಹೋಗಿ ಒಲೆ ಹಚ್ಚಿದ್ದೇನೋ!

ಹೋದ ವರ್ಷ ಅವರು ಹೃದಯಾಘಾತದಿಂದ ಹೋದರು. ನಾನು ಕ್ವಾರ್ಟರ್ಸ್ ಬಿಟ್ಟು ಹೊಸಪೇಟೆಯ ಬಾಡಿಗೆ ಮನೆಗೆ ಬಂದೆ. ಅವರ ಶಿಳ್ಳೆಯೂ ಪಂಜರದೊಳಗೆ ಕೂತು ನನ್ನ ಜೊತೆ ಬಂತು. ಮಧ್ಯಾಹ್ನ ಅದು ಕೇಳಿಸಿದರೆ ಸಾಕು, ಗೊತ್ತಿದ್ದೂ ಎದ್ದು ನಿಲ್ಲುತ್ತಿದ್ದೆ.

ದೋಣಿಮಲೈ ಗುಡ್ಡದ ತಂಪಿನಲ್ಲಿ ಬೆಳೆದ ಹಕ್ಕಿ. ಹೊಸಪೇಟೆಯ ಮೇ ತಿಂಗಳು ನಿಮಗೇ ಗೊತ್ತು. ಇದನ್ನೂ ಕಳೆದುಕೊಂಡರೆ ನನಗೆ ಉಳಿಯುವುದೇನು? ಕೂಲರ್ ತಂದೆ. ಬಿಸಿಗಾಳಿ ಬರಬಾರದೆಂದು ಕಿಟಕಿ ಮುಚ್ಚಿದೆ. ಪಂಜರಕ್ಕೆ ಒದ್ದೆ ಗೋಣಿಚೀಲ ಹೊದಿಸಿದೆ. ಅಡುಗೆಮನೆಯಿಂದಲೇ ಕಾಣುವಂತೆ ಗೋಡೆಗೊಂದು ಡಿಜಿಟಲ್ ಥರ್ಮಾಮೀಟರ್. ಇಪ್ಪತ್ತೆಂಟು ಡಿಗ್ರಿ! ನನ್ನಷ್ಟು ಜಾಣೆ ಯಾರಿದ್ದಾರೆ?

ಮಜ್ಜಿಗೆ ಕೊಡಲು ಬಂದ ಪಕ್ಕದ ಮನೆಯ ಹುಲಿಗೆಮ್ಮ ಗೋಣಿ ಸರಿಸಿ ಇಣುಕಿದಳು.

“ಅಕ್ಕಾರ, ಇದ್ಯಾಕ್ರಿ ಬಾಯಿ ತಕ್ಕೊಂಡು ಕುಂತೈತಿ? ರೆಕ್ಕಿ ನೋಡ್ರಿ, ಹೆಂಗ ಅಗಲ ಮಾಡೈತಿ.”

“ಇಪ್ಪತ್ತೆಂಟು ಐತಲ್ಲವಾ, ಆರಾಮ ಐತದು.”

“ಮೀಟರ್ ಬ್ಯಾಡ್ರಿ. ಹಕ್ಕಿ ಮಾರಿ ನೋಡ್ರಿ.”

ನಾನು ಮೀಟರನ್ನೇ ನೋಡಿದೆ. ಸಂಜೆ ಹೊತ್ತಿಗೆ ಫೋರ್‌ಮನ್ ಪಂಜರದ ತಳದಲ್ಲಿ ಬಿದ್ದಿದ್ದ.

ಎತ್ತಿಕೊಂಡು ಪಶುವೈದ್ಯರ ಬಳಿ ಓಡಿದೆ, ನಡೆದದ್ದೆಲ್ಲ ಹೇಳಿದೆ. ಅವರು ಬೈಯಲಿಲ್ಲ. “ಮೀಟರ್ ಎಲ್ಲಿ ಹಾಕಿದ್ರಿ?” ಎಂದರು, ಅಷ್ಟೇ. ಕೂಲರಿನ ನೇರ ಎದುರಿಗೆ ಹಾಕಿದ್ದೆ. ತಣ್ಣನೆ ಗಾಳಿಯೆಲ್ಲ ಮೀಟರಿಗೆ. ಕಿಟಕಿ ಮುಚ್ಚಿದ ಕೋಣೆಯ ಮೂಲೆಯಲ್ಲಿ, ಒದ್ದೆ ಗೋಣಿಯೊಳಗೆ, ಹಕ್ಕಿ ಇಡ್ಲಿಯ ಹಾಗೆ ಹಬೆಯಲ್ಲಿ ಬೆಂದಿತ್ತು. ಕೊಂದವಳು ನಾನೇ, ಅದೂ ಪ್ರೀತಿಯಿಂದ.

ಅಷ್ಟೇ ಆಗಿದ್ದರೆ ಒಬ್ಬಳೇ ಅತ್ತು ಸುಮ್ಮನಾಗುತ್ತಿದ್ದೆ. ಆದರೆ ಈ ತಪ್ಪು ನನಗೆ ಹೊಸದಲ್ಲ. ಅವರು ಹೋಗುವ ಹಿಂದಿನ ದಿನ ಗೇಟಿನ ಬಳಿ ಶಿಳ್ಳೆ ಕೇಳಿಸಲಿಲ್ಲ. ಸುಮ್ಮನೆ ಬಂದು ಬಾಗಿಲು ಹಿಡಿದು ನಿಂತಿದ್ದರು.

“ಯಾಕೋ ಭಾಳ ಸುಸ್ತಾಗೇತಿ ಲೇ.”

ನಾನು ಈರುಳ್ಳಿ ಹೆಚ್ಚುತ್ತಿದ್ದೆ. ತಲೆ ಎತ್ತಲಿಲ್ಲ. “ಚೆಕಪ್ ರಿಪೋರ್ಟ್ ನಾರ್ಮಲ್ ಐತಲ್ರಿ. ಸ್ವಲ್ಪ ಮಕ್ಕೊಳ್ರಿ” ಎಂದೆ. ನಾಲ್ಕು ತಿಂಗಳ ಹಳೆಯ ರಿಪೋರ್ಟ್ ಅದು.

ನಿಮ್ಮ ಮನೆಯಲ್ಲೂ ಎಲ್ಲರೂ ನಾರ್ಮಲ್ ಅಂತೀರಲ್ಲ, ಹಾಗಂತ ಹೇಳಿದ್ದು ಕಾಗದವೋ, ಮುಖವೋ?