ಮಾನಿಟರ್ ಕೊಟ್ಟುಬಿಟ್ಟ ಮೇಲೆ

ಅಕ್ಕ ಊರಿನ ಇನ್ನೊಂದು ಮೂಲೆಯ ಪೋರೂರಿನಿಂದ ನನ್ನ ಮನೆಗೆ ಬರುತ್ತಿದ್ದುದು ಕಂಪ್ಯೂಟರ್ ಕೆಟ್ಟಾಗ ಮಾತ್ರ. ನಾನು ಕೀಲ್ಪಾಕ್‌ನಲ್ಲಿ ಕೋಣೆ ಹಿಡಿದು ಒಬ್ಬಳೇ ಇದ್ದೆ. ಗಿಂಡಿಯ ಆಫೀಸೊಂದರಲ್ಲಿ ಟೆಲಿಫೋನ್ ಆಪರೇಟರ್. ಹುಟ್ಟಿನಿಂದ ಕಣ್ಣಿಲ್ಲ. ಪರದೆ ಓದಿ ಹೇಳುವ ಸಾಫ್ಟ್‌ವೇರ್ ಸಿಕ್ಕ ಮೇಲೆ ಆ ಡಬ್ಬಿಯೇ ನನಗೆ ಪೇಪರು, ಪುಸ್ತಕ, ಟಪಾಲು ಎಲ್ಲ ಆಗಿತ್ತು. ಆದರೆ ವೈರಸ್ ಹೊಕ್ಕು ಆಪರೇಟಿಂಗ್ ಸಿಸ್ಟಂ ಹೊಸದಾಗಿ ಹಾಕಬೇಕಾದಾಗ ಅದು ಮೂಕ. ಸಿಸ್ಟಂ ಕೂತ ಮೇಲೆಯೇ ಮಾತು. ಕೂರುವವರೆಗೆ ಪರದೆ ಓದಲು ಯಾರದಾದರೂ ಕಣ್ಣು ಬೇಕು. ಸೋಮವಾರ ಕೆಟ್ಟರೆ ಅಕ್ಕ ಬರುವ ಭಾನುವಾರದವರೆಗೆ ನನ್ನ ಕೋಣೆಯಲ್ಲಿ ಫ್ಯಾನಿನದೊಂದೇ ಸದ್ದು.

ಅಕ್ಕ ಓದುವ ಚೆಂದ ಕೇಳಬೇಕು.

"ಏನೋ ಉದ್ದಕ್ಕೆ ಬರ್ದಿದ್ದಾನೆ ಕಣೇ. ಕೊನೇಲಿ ಎಫ್ ಎಂಟು ಒತ್ತು ಅಂತಿದೆ."

"ಪೂರ್ತಿ ಓದಕ್ಕ."

"ಎಲ್ಲಾ ಓದ್ತಾ ಕೂತ್ರೆ ಬಸ್ ಸಿಗಲ್ಲ. ಸೀಕ್ರಂ, ಬೇಗ ಒತ್ತು."

ನನಗೆ ಮೈಯೆಲ್ಲ ಉರಿಯುತ್ತಿತ್ತು. ಸ್ವಂತ ಯಂತ್ರಕ್ಕೆ ಜೀವ ತುಂಬಲು ಇನ್ನೊಬ್ಬರ ಬಸ್ಸಿನ ಸಮಯ ನೋಡಬೇಕೆ? ಇದನ್ನು ಒಂದು ದಿನ ನಾನೊಬ್ಬಳೇ ಮಾಡಬೇಕು ಎಂಬುದೊಂದು ಹಟವಾಯಿತು. ಅವಳು ಓದಿದಂತೆಲ್ಲ ಯಾವ ಕೀ ಯಾವಾಗ ಎಂದು ಬ್ರೈಲ್‌ನಲ್ಲಿ ಚುಚ್ಚಿಟ್ಟುಕೊಂಡೆ. ಎಂಟರ್, ಎಫ್ ಎಂಟು, ಎಸ್ಕೇಪ್. ನಡುವೆ ಎಷ್ಟು ಕಾಯಬೇಕೆನ್ನುವುದಕ್ಕೆ ಸಿಪಿಯು ಡಬ್ಬಿಗೆ ಕಿವಿ ಹಚ್ಚಿ ಡಿಸ್ಕಿನ ಕರಕರ ಕೇಳುತ್ತಿದ್ದೆ. ಮುಂದಿನ ಸಲ ಕೆಟ್ಟಾಗ ಹಾಳೆಯ ಮೇಲೆ ಬೆರಳಿಟ್ಟುಕೊಂಡು ಒಬ್ಬಳೇ ಹಾಕಿಯೇಬಿಟ್ಟೆ. ಜಂಬ ನೆತ್ತಿಗೇರಿತು. ಅರ್ಧ ಮೇಜು ನುಂಗಿದ್ದ ಆ ಮಾನಿಟರ್ ನನಗಿನ್ನೇಕೆ? ಕೆಳಗಿನ ಮನೆಯವರಿಗೆ ಕೊಟ್ಟುಬಿಟ್ಟೆ.

ಕೆಲವು ತಿಂಗಳಿಗೆ ಡಿಸ್ಕೇ ಸತ್ತಿತು. ಅಂಗಡಿಯವನು ಹೊಸದು ಹಾಕಿ ಹೋದ. ಖಾಲಿ ಡಿಸ್ಕಿಗೆ ಪ್ರಶ್ನೆಗಳೇ ಬೇರೆ ಎಂದು ನನಗೇನು ಗೊತ್ತು? ಹಾಳೆಯಲ್ಲಿದ್ದಂತೆ ಒತ್ತುತ್ತಾ ಹೋದೆ, ಎಲ್ಲೋ ನಿಂತಿತು. ಮೂರು ಸಲ ಮಾಡಿದರೂ ಅಷ್ಟೇ. ನಾಚಿಕೆ ಬಿಟ್ಟು ಅಕ್ಕನಿಗೆ ಫೋನ್ ಮಾಡಿದೆ. ಭಾನುವಾರ ಡಬ್ಬಿಯಲ್ಲಿ ಪುಳಿಯೋಗರೆ ತುಂಬಿಕೊಂಡು ಎರಡು ಬಸ್ಸು ಬದಲಿಸಿ ಬಂದಳು. ಕುರ್ಚಿ ಎಳೆದು ಮೇಜಿನ ಮುಂದೆ ಕೂತಳು.

"ಮಾನಿಟರ್ ಎಲ್ಲೇ?"

ನನಗೆ ಅದು ಹೊಳೆದೇ ಇರಲಿಲ್ಲ.

"ಈಗ ನಾನೇನ್ ಓದ್ಲಿ, ನಿನ್ನ ಮುಖಾನಾ?" ಎಂದು ನಗತೊಡಗಿದವಳು ನಿಲ್ಲಿಸಲೇ ಇಲ್ಲ. ಕೆಳಮನೆಯವರು ಊರಿಗೆ ಹೋಗಿದ್ದರು. ಓದಲು ಏನೂ ಇರಲಿಲ್ಲವಾದ್ದರಿಂದ ಅವಳು ಸಂಜೆಯವರೆಗೂ ನನ್ನ ಮಂಚದ ಮೇಲೆ ಉರುಳಿಕೊಂಡು ಅತ್ತೆಯನ್ನು ಬೈದಳು, ಮೈಸೂರಿನ ನಮ್ಮ ಹಳೆಯ ಮನೆಯ ಬಾವಿಕಟ್ಟೆ ನೆನೆಸಿಕೊಂಡಳು. ಬಸ್ಸಿನ ಮಾತೇ ಎತ್ತಲಿಲ್ಲ. ಅಷ್ಟು ಹೊತ್ತು ನನ್ನ ಜೊತೆ ಅವಳು ಕೂತದ್ದು ಅದೇ ಮೊದಲು. ಮುಂದಿನ ವಾರ ಮಾನಿಟರ್ ಕಡ ತಂದು ಕೆಲಸ ಮುಗಿಸಿದೆವು.

ಮತ್ತೆ ಕೆಲವು ವರ್ಷಕ್ಕೆ ನನ್ನಂತೆಯೇ ಕಣ್ಣಿಲ್ಲದ ಗೆಳತಿಯೊಬ್ಬಳು ಒಂದು ಸಿಡಿ ಕೊಟ್ಟಳು. ಬೇರೆಯದೇ ಸಿಸ್ಟಂ, ಹಾಕುವಾಗಲೇ ಮಾತಾಡುತ್ತದೆ ಎಂದಳು. ನಂಬಲಿಲ್ಲ. ಆ ವಾರ ಕಂಪ್ಯೂಟರ್ ಮತ್ತೆ ಕೆಟ್ಟಿತ್ತು, ಭಾನುವಾರ ಬರುತ್ತೇನೆಂದು ಅಕ್ಕ ಹೇಳಿದ್ದಳು. ಶನಿವಾರ ಮಧ್ಯಾಹ್ನವೇ ಆ ಸಿಡಿ ಹಾಕಿ ಕೂತೆ. ಒರಟು ದನಿಯೊಂದು ಒಂದೊಂದು ಪ್ರಶ್ನೆಯನ್ನೂ ಪೂರ್ತಿ ಓದಿತು, ಅಕ್ಕ ಯಾವತ್ತೂ ಓದದ ಉದ್ದುದ್ದ ಸಾಲುಗಳನ್ನೂ ಬಿಡದೆ. ಮುಗಿದಾಗ ಖುಷಿಗೆ ಅತ್ತುಬಿಟ್ಟೆ. ತಕ್ಷಣ ಅಕ್ಕನಿಗೆ ಫೋನ್ ಮಾಡಿದೆ.

"ಅದೇ ಓದುತ್ತಕ್ಕ! ಇನ್ಮೇಲೆ ಯಾರೂ ಬೇಡ."

"ಒಳ್ಳೇದಾಯ್ತು ಬಿಡೇ," ಎಂದಳು. ಆಮೇಲೆ ಕೇಳಿದಳು, "ಹಂಗಾದ್ರೆ ನಾಳೆ ನಾನ್ ಬರೋದ್ ಬೇಡ್ವಾ?"

ಸುಮ್ಮನೆ ಬಾ ಅನ್ನಬೇಕಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಇಷ್ಟು ವರ್ಷ ಅವಳನ್ನು ಕೆಲಸವಿಲ್ಲದೆ ಕರೆದದ್ದೇ ಇಲ್ಲ. ಹೇಗೆ ಕರೆಯುವುದೆಂದು ತಿಳಿಯಲಿಲ್ಲ.

"ಬೇಡಕ್ಕ," ಎಂದೆ.

ಆ ಭಾನುವಾರ ಕಂಪ್ಯೂಟರ್ ಇಡೀ ದಿನ ಮಾತಾಡಿತು.